ಎಂಜಿನ್ ಇಳಿಸುವ ಮೊದಲು ಕ್ಯಾನ್ ಬಸ್ ಓದಿ

ಹೊಸ ಕಾರನ್ನು ಎಲೆಕ್ಟ್ರಿಕ್ ಮಾಡುವಾಗ ಮೋಟರ್ ಕೂರಿಸುವುದಕ್ಕಿಂತ ಕ್ಯಾನ್ ಬಸ್ಸೇ (ಕಾರಿನೊಳಗಿನ ಕಂಪ್ಯೂಟರುಗಳು ಪರಸ್ಪರ ಸಂದೇಶ ಕಳಿಸುವ ಎರಡು ತಂತಿಯ ಜಾಲ) ಹೆಚ್ಚು ಸತಾಯಿಸುತ್ತದೆ. ಎಂಜಿನ್ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತೆಗೆದೊಡನೆ ಆರ್‌ಪಿಎಂ (ಎಂಜಿನ್ ತಿರುಗುವ ವೇಗದ) ಸಂದೇಶ ನಿಲ್ಲುತ್ತದೆ. ಎಷ್ಟೋ ಕಾರುಗಳಲ್ಲಿ ಪವರ್ ಸ್ಟೀರಿಂಗ್ ಕೈಕೊಡುತ್ತದೆ, ಎಬಿಎಸ್ ದೀಪ ಹತ್ತುತ್ತದೆ.

ಹಾಗಾಗಿ ಎಂಜಿನ್ ಓಡುವಾಗಲೇ ದೋಷ ತಪಾಸಣೆಯ ಯಂತ್ರ ಜೋಡಿಸುವ ಒಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್‌ಗಳಿಂದ ಸಂದೇಶಗಳನ್ನು ದಾಖಲಿಸಿಡಿ. ಗೇಟ್‌ವೇ (ಸಂದೇಶಗಳನ್ನು ಸೋಸಿ ಬಿಡುವ ಘಟಕ) ಇದ್ದರೆ ಅಲ್ಲಿ ಎಲ್ಲವೂ ಸಿಗದು, ಇಸಿಯು ಬಳಿಯ ತಂತಿಯಿಂದಲೇ ಓದಬೇಕು. ಆಮೇಲೆ ಇಸಿಯು ಬದಲು ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಆ ಸಂದೇಶಗಳನ್ನು ಅದೇ ಐಡಿಯಲ್ಲಿ (ಗುರುತಿನ ಸಂಖ್ಯೆ), ಅದೇ ಸಮಯದ ಅಂತರದಲ್ಲಿ ಕಳಿಸಲಿ. ಸಂದೇಶದ ಕೌಂಟರ್ (ಕ್ರಮಸಂಖ್ಯೆ), ಚೆಕ್‌ಸಮ್ (ಸರಿಯಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ತಪ್ಪಿದರೆ ಎಬಿಎಸ್ ಒಪ್ಪುವುದಿಲ್ಲ.

12 ವೋಲ್ಟ್ ಬ್ಯಾಟರಿ ಕಳಚಿ ಕ್ಯಾನ್ ಬಸ್ಸಿನ ಎರಡು ತಂತಿಗಳ ನಡುವಿನ ರೋಧ ಅಳೆಯಿರಿ: ಎರಡೂ ತುದಿಗಳ 120 ಓಮ್ ರೆಸಿಸ್ಟರುಗಳು ಸೇರಿ ಸುಮಾರು 60 ಓಮ್ ಇರಬೇಕು. 120 ತೋರಿದರೆ ಇಸಿಯು ಜೊತೆ ಒಂದು ತುದಿಯ ರೆಸಿಸ್ಟರೂ ಹೋಗಿದೆ; ಅಲ್ಲಿಗೆ 120 ಓಮ್ ಹಾಕಿ.

ಮಂಗಳೂರಿನ ಉಪ್ಪುಗಾಳಿಗೆ, ತುಳುನಾಡಿನ ಆಟಿ ತಿಂಗಳ ಮಳೆಗೆ ಪಿನ್‌ಗಳು ಬೇಗ ಹಸಿರುಗಟ್ಟುತ್ತವೆ. ರಬ್ಬರ್ ಸೀಲಿನ ಕನೆಕ್ಟರನ್ನೇ ಬಳಸಿ.