ಆಯಿಲ್ ಕಮ್ಮಿ ಆದ್ರೆ ಎಲ್ರೂ ನೋಡ್ತಾರೆ, ಜಾಸ್ತಿ ಆದ್ರೆ?

ಹಳೇ ಟ್ರ್ಯಾಕ್ಟರ್ ಇಟ್ಕೊಂಡಿರೋರು ಆಯಿಲ್ ಮಾತು ಬಂದ್ ಕೂಡ್ಲೇ ಕೇಳೋದು ಒಂದೇ, ಕಪ್ಪಗಾಗ್ಬಿಟ್ಟಿದೆ, ಬದಲಾಯಿಸ್ಬೇಕಾ ಅಂತ. ಡೀಸೆಲ್ ಇಂಜಿನ್ನಿಗೆ ಹೊಸ ಆಯಿಲ್ ಹಾಕಿ ಒಂದೆರಡು ದಿನ ಉಳುಮೆ ಮಾಡಿದ್ರೆ ಸಾಕು ಕಪ್ಪಾಗೇ ಆಗತ್ತೆ, ಒಳಗಿನ ಮಸಿ ಎತ್ಕೊಂಡು ತನ್ನಲ್ಲೇ ಹಿಡ್ಕೊಳ್ಳೋದು ಆಯಿಲ್ ಕೆಲ್ಸಾನೇ, ಹಂಗಾಗಿ ಬರೀ ಬಣ್ಣ ನೋಡಿ ಗಾಬ್ರಿ ಬೀಳೋದು ಬೇಡ. ನೋಡ್ಬೇಕಾಗಿರೋದು ಮಟ್ಟ, ಅದ್ರಲ್ಲೂ ಅದು ಏರ್ತಾ ಇದ್ಯಾ ಅಂತ.

ನಮ್ಮನೇದು ಹಳೇ ಮೆಸ್ಸಿ (ಮೆಸ್ಸಿ ಫರ್ಗ್ಯುಸನ್) 1035 ಟ್ರ್ಯಾಕ್ಟರ್, ಮೂರು ಸಿಲಿಂಡರ್ ಸಿಂಪ್ಸನ್ ಇಂಜಿನ್ನು, ಇದ್ರ ಮೂಲ ಡಿಸೈನು ಇಂಗ್ಲೆಂಡಿನ ಪರ್ಕಿನ್ಸ್‌ದು. ಅಪ್ಪನ ಕಾಲದಿಂದ ಇದೆ, ಈಗ್ಲೂ ಕಲ್ಟಿವೇಟರ್, ರಾಗಿ ಒಕ್ಕಣೆ, ಗೊಬ್ಬರ ಹೊಡೆಯೋದು ಎಲ್ಲಾ ಇದ್ರಲ್ಲೇ. ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ, ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರ್ಬೇಕು, ಆಯಿಲ್ ಮಟ್ಟ ನೋಡೋ ಕಡ್ಡಿ ತೆಗ್ದು ಬಟ್ಟೇಲಿ ಒರೆಸಿ (ಕಾಟನ್ ವೇಸ್ಟ್ ಬೇಡ, ಅದ್ರ ನೂಲು ಕಡ್ಡಿಗೆ ಅಂಟ್ಕೊಂಡು ಒಳಗೆ ಹೋಗತ್ತೆ) ಪೂರ್ತಿ ಇಳಿಸಿ ಮತ್ತೆ ಎಳ್ದು ನೋಡ್ಬೇಕು. ಎರಡು ಗುರುತಿನ ಮಧ್ಯೆ, ಮೇಲಿನ ಗುರುತಿಗೆ ಹತ್ರ ಇದ್ರೆ ಚೆನ್ನ. ಸಾಲ್ದಿರೋದಕ್ಕಿಂತ ಇರ್ಲಿ ಅಂತ ಗುರುತು ದಾಟಿಸಿ ಹಾಕೋರು ಇದಾರೆ, ಆಗ ಇಂಜಿನ್ ತಳದಲ್ಲಿ ತಿರುಗೋ ದಂಡ, ಅಂದ್ರೆ ಕ್ರ್ಯಾಂಕು, ಆಯಿಲ್ಲಿಗೆ ಬಡಿದು ನೊರೆ ಏಳತ್ತೆ, ಸೀಲ್ ಹತ್ರ ಎಲ್ಲಾ ಸೋರೋಕೆ ಶುರುವಾಗತ್ತೆ.

ಈಗ ಏರೋ ವಿಷ್ಯ. ನೀವು ಹಾಕೇ ಇಲ್ಲ, ಆದ್ರೂ ನಿನ್ನೆಗಿಂತ ಮಟ್ಟ ಮೇಲಿದೆ ಅಂದ್ರೆ ಒಳಗೆ ಇನ್ನೇನೋ ಸೇರ್ತಿದೆ, ಒಂದಾ ಡೀಸೆಲ್ಲು ಇಲ್ಲಾ ನೀರು. ಈ ಥರ ಇಂಜಿನ್ನಲ್ಲಿ ಪಕ್ಕದಲ್ಲೇ ಟ್ಯಾಂಕಿಂದ ಡೀಸೆಲ್ ಎಳೆಯೋ ಒಂದು ಫೀಡ್ ಪಂಪ್ ಕೂತಿರತ್ತೆ, ಅದ್ರೊಳಗೆ ರಬ್ಬರ್ ಡಯಾಫ್ರಮ್ಮು, ಅಂದ್ರೆ ತೆಳು ಪರದೆ, ವಯಸ್ಸಾದ್ಮೇಲೆ ಅದು ಬಿರುಕು ಬಿಟ್ರೆ ಡೀಸೆಲ್ ಸೀದಾ ಇಂಜಿನ್ ತಳದ ಆಯಿಲ್ ಚೇಂಬರಿಗೆ ಇಳಿಯತ್ತೆ. ಕಡ್ಡಿ ತುದಿ ಆಯಿಲ್ ಬೆರಳಿಗೆ ಹಚ್ಕೊಂಡು ಉಜ್ಜಿ, ಮೂಸಿ ನೋಡಿ. ಜಿಗುಟೇ ಇಲ್ದೆ ನೀರ್ನೀರಾಗಿ ಡೀಸೆಲ್ ವಾಸ್ನೆ ಬಂತಾ, ಅವತ್ತು ಗಾಡಿ ತೆಗೀಬೇಡಿ. ಸ್ಟಾರ್ಟ್ ಆಗತ್ತೆ, ಓಡತ್ತೆ, ಶಬ್ದಾನೂ ಅದೇ ಇರತ್ತೆ, ಆದ್ರೆ ತೆಳ್ಳಗಾದ ಆಯಿಲ್ ಬೇರಿಂಗ್ ಕಾಯಲ್ಲ. ಡಯಾಫ್ರಮ್ ಕಿಟ್ಟಿನ ದುಡ್ಡೆಲ್ಲಿ, ಕ್ರ್ಯಾಂಕ್ ಇಳಿಸೋ ದುಡ್ಡೆಲ್ಲಿ. ಅದೇ ಹಾಲು ಜಾಸ್ತಿ ಹಾಕಿದ ಕಾಫಿ ಥರ ಬಣ್ಣ ಬಂದಿದ್ರೆ ನೀರು ಸೇರಿದೆ, ರೇಡಿಯೇಟರ್ ನೀರೂ ಇಳೀತಿದ್ರೆ ಮೊದ್ಲು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ಮಧ್ಯೆ ಇರೋ ಪಟ್ಟಿ) ಮೇಲೆ ಅನುಮಾನ ಪಡಿ. ಮಳೆಗಾಲದಲ್ಲಿ ಬರೀ ಐದೈದು ನಿಮಿಷ ಓಡಿಸಿ ನಿಲ್ಸೋ ಗಾಡೀಲಿ ಆಯಿಲ್ ಹಾಕೋ ಮುಚ್ಚಳದ ಒಳಗಡೆ ಸ್ವಲ್ಪ ಬಿಳಿ ನೊರೆ ಕಾಣ್ಬೋದು, ಅದು ತೇವ, ಚೆನ್ನಾಗಿ ಬಿಸಿ ಆಗೋವರ್ಗೂ ದುಡಿಸಿದ್ರೆ ಹೋಗತ್ತೆ.

ಬದಲಾಯಿಸೋದು ಯಾವಾಗ ಅಂದ್ರೆ ನಾನು 100 ಗಂಟೆ ಲೆಕ್ಕ ಇಟ್ಕೊಂಡಿದೀನಿ. ಹಳೇ ಗಾಡೀಲಿ ಗಂಟೆ ತೋರ್ಸೋ ಮೀಟರ್ ಕೇಬಲ್ ಕಟ್ಟಾಗಿ ಯಾವ್ದೋ ಕಾಲ ಆಗಿರತ್ತೆ, ಹಂಗಾಗಿ ಡೀಸೆಲ್ ಲೆಕ್ಕ ಬರೆದಿಡಿ, ನಮ್ದು ಗಂಟೆಗೆ ಸುಮಾರು ಮೂರೂವರೆ ನಾಲ್ಕು ಲೀಟರ್ ಕುಡಿಯತ್ತೆ, ಅಂದ್ರೆ 350-400 ಲೀಟರ್ ಹೊತ್ತಿಗೆ ಒಂದ್ಸಲ. 15ಡಬ್ಲ್ಯೂ-40 ಗ್ರೇಡಿನ ಡೀಸೆಲ್ ಇಂಜಿನ್ ಆಯಿಲ್, ಏಳು ಲೀಟರ್ ಆಸುಪಾಸು ಹಿಡಿಯತ್ತೆ, ಆದ್ರೂ ಕಡ್ಡಿ ಹೇಳಿದ್ದೇ ಫೈನಲ್. ಇಂಜಿನ್ ಬಿಸಿ ಇರೋವಾಗ್ಲೇ ಇಳಿಸಿ, ಕೆಸರೆಲ್ಲಾ ಜೊತೆಗೇ ಬರತ್ತೆ.

ಫಿಲ್ಟರ್ ಹತ್ರ ಒಂದು ಸೂಕ್ಷ್ಮ ಇದೆ. ಬಟ್ಟಲಿನೊಳಗೆ ಎಲಿಮೆಂಟ್ ಕೂರೋ ಹಳೇ ಮಾದರಿ ಆದ್ರೆ, ಮೇಲಿನ ತೋಡಲ್ಲಿ ಒಂದು ರಬ್ಬರ್ ರಿಂಗ್ ಇರತ್ತೆ, ವರ್ಷಗಟ್ಲೆ ಬಿಸಿಗೆ ಕಲ್ಲಾಗಿ ಕಬ್ಬಿಣದ ಬಣ್ಣಕ್ಕೇ ತಿರುಗಿರತ್ತೆ, ಕಣ್ಣಿಗೆ ಬೀಳಲ್ಲ. ಅದನ್ನ ಚೂಪಾಗಿರೋ ಕಡ್ಡೀಲಿ ಮೀಟಿ ಪೂರ್ತಿ ತೆಗೀಲೇಬೇಕು, ಹಳೇದ್ರ ಮೇಲೇ ಹೊಸದು ಕೂರಿಸಿದ್ರೆ ಪ್ರೆಷರ್ ಏರಿದ ತಕ್ಷಣ ಆಯಿಲ್ ಹೊರಗೆ ಚಿಮ್ಮತ್ತೆ. ಆಮೇಲೆ ಇಂಜಿನ್ ಹತ್ಕೊಳ್ದೇ ಇರೋ ಹಾಗೆ ಸ್ಟಾಪ್ ಗುಂಡಿ ಎಳ್ಕೊಂಡೇ ಸೆಲ್ಫ್ ಹೊಡೀರಿ, ಆಯಿಲ್ ಪ್ರೆಷರ್ ಗೇಜ್ ಮುಳ್ಳು ಅಲ್ಲಾಡಿದ್ಮೇಲೆ ಸ್ಟಾರ್ಟ್ ಮಾಡಿ. ಬಿಸಿಯಾಗಿ ಕೆಲ್ಸದ ಸ್ಪೀಡಲ್ಲಿ ಓಡೋವಾಗ ಪ್ರೆಷರ್ 30ರಿಂದ 60 ಪೌಂಡ್ (ಪಿಎಸ್ಐ) ಒಳಗಿದ್ರೆ ನೆಮ್ಮದಿ.

ಇಂಜಿನ್ ಎಳ್ಕೊಳ್ಳೋ ಗಾಳಿಯ ಧೂಳು ಹಿಡಿಯೋ ಏರ್ ಕ್ಲೀನರ್ ಬಟ್ಟಲಲ್ಲೂ ಆಯಿಲ್ ಇರತ್ತೆ, ಅದನ್ನ ಮಾತ್ರ ಯಾರೂ ಲೆಕ್ಕಕ್ಕೇ ತಗೊಳಲ್ಲ, ನಂಗೆ ಬೇಜಾರಾಗೋದು ಇಲ್ಲೇ. ಒಕ್ಕಣೆ ಟೈಮಲ್ಲಿ ಆ ಬಟ್ಟಲು ಬಿಚ್ಚಿ ನೋಡಿ, ತಳದಲ್ಲಿ ಮೆತ್ತಗೆ ಮಣ್ಣಿನ ಗಸಿ ಕೂತಿರತ್ತೆ. ಅಷ್ಟೂ ಸಿಲಿಂಡರ್ ಒಳಗೆ ಹೋಗ್ಬೇಕಾಗಿದ್ದ ಮಣ್ಣು. ಧೂಳಿನ ಕೆಲ್ಸ ಇದ್ದಷ್ಟು ದಿನ ದಿನಾ ಬಿಚ್ಚಿ ನೋಡಿ, ಗಸಿ ಕಂಡ್ರೆ ತೊಳೆದು ಇಂಜಿನ್ನಿಗೆ ಹಾಕೋ ಆಯಿಲ್ಲನ್ನೇ ಗುರುತಿನ ತನಕ ತುಂಬಿ. ಗುರುತು ಮೀರಿಸ್ಬೇಡಿ, ಹೆಚ್ಚಾದ್ರೆ ಇಂಜಿನ್ ಆ ಆಯಿಲ್ಲನ್ನೇ ಎಳ್ಕೊಂಡು ಉರಿಸೋಕೆ ಶುರು ಮಾಡತ್ತೆ, ಆಗ ಸ್ಟಾಪ್ ಎಳೆದ್ರೂ ನಿಲ್ದೇ ತಾನೇ ರೇಸ್ ಏರ್ತಾ ಹೋಗೋ ಅಪಾಯ ಇದೆ.

ಇಳಿಸಿದ ಹಳೇ ಆಯಿಲ್ ಕ್ಯಾನಲ್ಲಿ ತುಂಬಿಡಿ, ಗ್ಯಾರೇಜಲ್ಲಿ ತಗೊಳ್ಳೋರು ಇರ್ತಾರೆ. ಬದೂಗೆ ಸುರಿಯೋದು, ಬಾವಿ ಬೋರ್ ಹತ್ರ ಚೆಲ್ಲೋದು ದಯವಿಟ್ಟು ಬೇಡ. ಕೈಗೆ ಮೆತ್ಕೊಂಡಿದ್ದನ್ನೂ ಹಂಗೇ ಬಿಡ್ದೆ ಸೋಪು ಹಾಕಿ ತೊಳ್ಕೊಳ್ಳಿ, ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೇದಲ್ಲ.