ಚರ್ಮದ ಮಗ್, ಬಿಸಿ ವೈನ್

ಇಂಗ್ಲೆಂಡಿನಲ್ಲಿ ಬ್ಯಾಂಕ್ವೆಟ್ ಕೇಟರಿಂಗ್ ನನ್ನ ಕೆಲಸ. ಚಳಿಗಾಲ ಬಂದರೆ ಮಿಡೀವಲ್ ಫೀಸ್ಟ್ ಬುಕಿಂಗ್ ಶುರು. ಮ್ಯಾನೇಜ್‌ಮೆಂಟಿಗೆ ಬೇಕಾದ್ದು ಫೋಟೋದಲ್ಲಿ ಚೆನ್ನಾಗಿ ಕಾಣುವ ಟೇಬಲ್. ಯಾವ ಪಾತ್ರೆಗೆ ಏನು ಬಡಿಸುತ್ತೇವೆ ಅನ್ನೋದು ಆಮೇಲಿನ ಮಾತು.

ಒಂದು ಸಲ ಮದುವೆ ಊಟಕ್ಕೆ ಹಳೇ ಸಾಮಾನಿನ ಸಂತೆಯಿಂದ ಒಂದು ಕ್ರೇಟ್ ಪ್ಯೂಟರ್ ತಟ್ಟೆ ಬಂತು, ತವರದ ಮಿಶ್ರಲೋಹದ್ದು. ಮೆನುವಿನಲ್ಲಿ ವಿನೆಗರ್ ಸಾಸ್. 1348ರ ಲಂಡನ್ ಕಸುಬುದಾರರ ನಿಯಮದಲ್ಲಿ ತಟ್ಟೆಗೆ ತವರದ ಜೊತೆ ತಾಮ್ರ, ಬೇರೆ ಕೆಲವು ಪಾತ್ರೆಗೆ ಸೀಸ ಅಂತಿತ್ತು. ಆದರೆ ಸಂತೆಯ ಮಾಲು ಯಾವ ನಿಯಮದ್ದೋ ಯಾರಿಗೆ ಗೊತ್ತು? ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಬೇಡ ಅಂತ ನಮ್ಮ ಮನೆಗಳಲ್ಲಿ ಬೈಯುತ್ತಾರಲ್ಲ, ಅದೇ ಕಥೆ, ಹುಳಿ ತಾಗಿದರೆ ಸೀಸ ಊಟಕ್ಕೆ ಇಳಿಯುತ್ತದೆ. ಈಗ ಊಟಕ್ಕೆಂದೇ ಮಾಡುವ ಪ್ಯೂಟರ್‌ನಲ್ಲಿ ಸೀಸ ಇರುವುದಿಲ್ಲ, ಆದರೆ ಅದಕ್ಕೆ ದುಡ್ಡು ಜಾಸ್ತಿ. ಜಗಳ ಮಾಡಿ ಹಳೇದನ್ನೆಲ್ಲ ಅಲಂಕಾರಕ್ಕೆ ಇಡಿಸಿದೆ, ಊಟಕ್ಕೆ ಬೀಚ್ ಮರದ ತಟ್ಟೆ. ಮರವನ್ನು ಡಿಶ್‌ವಾಶರ್‌ಗೆ ಹಾಕಿದರೆ ಸೀಳುತ್ತದೆ, ಕೈಯಲ್ಲೇ ತೊಳೆಯಬೇಕು, ಪಾತ್ರೆ ತೊಳೆಯುವ ಹುಡುಗರು ನನ್ನನ್ನು ಶಪಿಸಿದರು. ಆ ಕಾಲದವರ ಹಾಗೆ ಒಣ ಬ್ರೆಡ್ಡಿನ ದಪ್ಪ ಹೋಳಿನ ಮೇಲೇ ಬಡಿಸೋಣ ಅಂದೆ. ಶೆಫ್ ಸುಮ್ನೆ ಅಲರ್ಜಿ ಶೀಟ್ ತೋರಿಸಿದರು.

ಸೀಸದ ಜಗಳ ಗೆದ್ದ ಜಂಬದಲ್ಲಿ ಬಾಡಿಗೆಗೆ ತಂದ ಚರ್ಮದ ಮಗ್‌ಗಳನ್ನು ನಾನು ನೋಡಲೇ ಇಲ್ಲ. ಒಳಗೆ ಪಿಚ್ ಬಳಿದಿದ್ದರು, ಅದೇ ಕಪ್ಪು ರಾಳ. ತಣ್ಣನೆ ಏಲ್ ಬಿಯರ್‌ಗೆ ಏನೂ ಆಗುವುದಿಲ್ಲ. ಚಳಿ ಅಂತ ಬಾರ್‌ನವರು ಅವತ್ತು ಮಲ್ಡ್ ವೈನ್, ಅಂದರೆ ಮಸಾಲೆ ಹಾಕಿದ ಬಿಸಿ ವೈನ್ ಕೊಡುತ್ತೇವೆ ಅಂದರು. ಬ್ರೀಫಿಂಗ್‌ನಲ್ಲೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ.

ಮೊದಲು ವಾಸನೆ ಬಂತು. ಕಿಚನ್‌ನಲ್ಲಿ ಏನೋ ಸೀಯುತ್ತಿದೆ ಅಂದುಕೊಂಡು ಅಡುಗೆ ಹೊರಗೆ ಕೊಡುವ ಕೌಂಟರ್ ಹತ್ತಿರ ಓಡಿದೆ, ಅಲ್ಲಿ ಎಲ್ಲ ಸರಿ ಇದೆ. ವಾಪಸ್ ಬರುವಷ್ಟರಲ್ಲಿ ಹೈ ಟೇಬಲ್‌ನಲ್ಲಿ ಮದುಮಗನ ಅಪ್ಪ ತುಟಿ ಒರೆಸಿಕೊಂಡು ನ್ಯಾಪ್‌ಕಿನ್ ನೋಡುತ್ತಿದ್ದಾರೆ, ಕಪ್ಪು ಕಲೆ. ಆಗ ಹೊಳೆಯಿತು, ಬಿಸಿಗೆ ಪಿಚ್ ಕರಗುತ್ತಿದೆ. ಟೋಸ್ಟ್‌ಗೆ ಎಲ್ಲರೂ ಎದ್ದು ನಿಂತಿದ್ದಾರೆ, ಮಗ್ ಕೈಯಲ್ಲಿದೆ, ಭಾಷಣ ನಡೀತಿದೆ. ಗ್ಲಾಸ್ ತನ್ನಿ ಅಂದರೆ ಎಲ್ಲ ವ್ಯಾನ್‌ನಲ್ಲಿ, ಲುಕ್ ಕೆಡುತ್ತೆ ಅಂತ ಒಳಗೆ ತರಲು ಬಿಟ್ಟಿರಲೇ ಇಲ್ಲ! ಭಾಷಣ ಉದ್ದ ಇದ್ದದ್ದು ನನ್ನ ಪುಣ್ಯ. ಹುಡುಗರು ಬಗ್ಗಿಕೊಂಡು ಒಂದೊಂದೇ ಮಗ್ ಬದಲಾಯಿಸಿದರು, ಗ್ಲಾಸ್ ಸಾಲದೆ ಕೊನೇ ಟೇಬಲ್‌ಗೆ ಸ್ಟಾಫ್ ರೂಮಿನ ಟೀ ಕಪ್ ಹೋಯಿತು.

ಈಗ ಆರ್ಡರ್ ಶೀಟ್‌ನಲ್ಲಿ ಪ್ರತಿ ಪಾತ್ರೆಯ ಎದುರು ಬಿಸಿಯೋ, ತಣ್ಣಗೋ, ಹುಳಿಯೋ ಅಂತ ಒಂದು ಕಾಲಂ ಹಾಕಿಸಿದ್ದೇನೆ. ಮ್ಯಾನೇಜರ್ ಅದನ್ನು ತುಂಬುವುದೇ ಇಲ್ಲ. ಮೊನ್ನೆ ಕೊಂಬಿನ ಲೋಟದ ಕ್ಯಾಟಲಾಗ್ ಹಿಡಿದು ಬಂದು, ಸೂಪ್‌ಗೆ ಚೆನ್ನಾಗಿರುತ್ತೆ ಅಲ್ವಾ ಅಂದರು. ಬಿಸಿ ತಾಗಿದರೆ ಕೊಂಬು ಮೆತ್ತಗಾಗುತ್ತದೆ ಸಾರ್ ಅಂದೆ.