ಜ್ವರ ಅಳೆಯದೆ ಎಕ್ಸ್‌ರೇ ತೆಗೆದ ದಿನ

ಮೈಸೂರಿನ ಬಡಾವಣೆಯೊಂದರಲ್ಲಿ ನಾನು ಸಾಕುಪ್ರಾಣಿಗಳ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ನಾಲ್ಕು ವರ್ಷದ ಗಂಡು ಬೆಕ್ಕು ಮಣಿಯನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟವೆಲು ಬಿಗಿದು ತಂದರು. "ಡಾಕ್ಟ್ರೇ, ನಿನ್ನೆ ಸಂಜೆವರೆಗೂ ಚೆನ್ನಾಗಿಯೇ ಇದ್ದ. ಬೆಳಿಗ್ಗೆ ನೋಡಿದರೆ ಮುಂದಿನ ಬಲಗಾಲು ಊರುತ್ತಲೇ ಇಲ್ಲ. ಕಾಂಪೌಂಡಿನಿಂದ ಬಿದ್ದಿರಬೇಕು" ಎಂದರು. ಅವರ ಊಹೆಯನ್ನು ನಾನು ನಡೆದ ಸಂಗತಿಯೆಂದೇ ಹಿಡಿದೆ. ಹೊರಗೆ ಇನ್ನೂ ಐದಾರು ಜನ ಕಾಯುತ್ತಿದ್ದುದರಿಂದ ಮಣಿಯನ್ನು ನೇರವಾಗಿ ಮೇಜಿಗೇರಿಸಿ, ಕಾಲನ್ನು ಮೊಣಕೈಯಿಂದ ಕೆಳಕ್ಕೆ ಒತ್ತಿ ನೋಡಿ, ಅವನು ಗುರ್ರೆಂದ ಕೂಡಲೇ ಎಕ್ಸ್‌ರೇ ತೆಗೆದೆ. ಮೂಳೆ ಮುರಿದಿರಲಿಲ್ಲ, ಕೀಲು ತಪ್ಪಿರಲಿಲ್ಲ. ಉಳುಕು ಎಂದು ಬರೆದು, ನೋವಿಗೆ ಮೆಲಾಕ್ಸಿಕಾಮ್ ಚುಚ್ಚುಮದ್ದು ಕೊಟ್ಟು ಕಳುಹಿಸಿದೆ. ಜ್ವರ ಅಳೆಯಲಿಲ್ಲ.

ಮರುದಿನ ಫೋನ್ ಮಾಡಿದ ಅವರು ಮಣಿ ಊಟ ಮಾಡಿದನೆಂದು ಸಂತೋಷದಿಂದ ತಿಳಿಸಿದಾಗ ನನ್ನ ಉಳುಕಿನ ತೀರ್ಮಾನ ನನಗೇ ಇನ್ನಷ್ಟು ಗಟ್ಟಿಯಾಯಿತು. ಆ ಚುಚ್ಚುಮದ್ದು ನೋವಿನ ಜೊತೆಗೆ ಜ್ವರವನ್ನೂ ಇಳಿಸುತ್ತದೆಂಬುದು ನನಗೆ ತಿಳಿಯದ ವಿಷಯವೇನಲ್ಲ, ಆದರೆ ಆಗ ನೆನಪಿಗೆ ಬರಲಿಲ್ಲ. ಮೂರನೆಯ ದಿನ ಅದೇ ಬುಟ್ಟಿ ಮತ್ತೆ ಬಂತು. ಮಣಿ ತಲೆ ಎತ್ತಲಿಲ್ಲ, ಗುರುಗುಟ್ಟಲೂ ಇಲ್ಲ. ಬೆಕ್ಕಿನ ಸಹಜ ಉಷ್ಣತೆ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್, ಥರ್ಮಾಮೀಟರ್ 40.3 ತೋರಿಸಿತು. ಭುಜದ ಹಿಂಬದಿಯಲ್ಲಿ, ನಾನು ಮೊದಲ ದಿನ ಕೈಯನ್ನೇ ಇಡದ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಮೆತ್ತನೆಯ ಬಾವು ಕೈಗೆ ಸಿಕ್ಕಿತು. ಕೂದಲು ಬೋಳಿಸಿದಾಗ ಬೆರಳಿನಗಲದ ಅಂತರದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಎರಡು ಹಕ್ಕಳೆಗಳು ಕಂಡವು. ಅವು ಇನ್ನೊಂದು ಬೆಕ್ಕಿನ ಕೋರೆಹಲ್ಲಿನ ಗುರುತುಗಳು.

ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ. ಮೇಲಿನ ತೂತು ಒಂದೆರಡು ದಿನದಲ್ಲೇ ಮುಚ್ಚಿಕೊಳ್ಳುತ್ತದೆ. ಬಾಯಿಯಲ್ಲಿ ಸದಾ ಇರುವ ಪಾಶ್ಚುರೆಲ್ಲ ಮುಂತಾದ ಬ್ಯಾಕ್ಟೀರಿಯಾಗಳು ಚರ್ಮದಡಿ ಉಳಿದು, ಎರಡರಿಂದ ನಾಲ್ಕು ದಿನಗಳಲ್ಲಿ ಕೀವು ಕಟ್ಟುತ್ತವೆ. ಹೊರಗೆ ಅಡ್ಡಾಡುವ ಬೆಕ್ಕು ಇದ್ದಕ್ಕಿದ್ದಂತೆ ಕುಂಟತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮಂಪರು ಕೊಟ್ಟು ಬಾವನ್ನು ಕೊಯ್ದಾಗ ಬಂದ ಕೀವಿನ ವಾಸನೆಗೆ ನನ್ನ ಸಹಾಯಕ ಕಿಟಕಿ ತೆರೆದು ಅಲ್ಲೇ ನಿಂತುಬಿಟ್ಟ.

ಅಂದಿನಿಂದ ಪರೀಕ್ಷೆಯ ಕ್ರಮವನ್ನು ಬದಲಾಯಿಸಿಕೊಂಡಿದ್ದೇನೆ. ಬುಟ್ಟಿಯನ್ನು ನೆಲದ ಮೇಲಿಟ್ಟು, ಬಾಗಿಲು ಮುಚ್ಚಿ, ಬೆಕ್ಕು ತಾನಾಗಿ ಹೊರಬರುವವರೆಗೆ ಕಾಯುತ್ತೇನೆ. ಕೆಲವು ಬರುವುದೇ ಇಲ್ಲ, ಬಂದವೂ ಹೆದರಿಕೆಯಲ್ಲಿ ಕುಂಟುವುದನ್ನೇ ಮರೆತಂತೆ ಓಡಿ ಬೀರುವಿನ ಹಿಂದೆ ಸೇರುತ್ತವೆ. ಆದ್ದರಿಂದ ಮನೆಯಲ್ಲಿ ನಡೆಯುವಾಗಿನ ವಿಡಿಯೋವನ್ನು ಮೊಬೈಲಿನಲ್ಲಿ ತೆಗೆದು ತರಲು ಮೊದಲೇ ಹೇಳುತ್ತೇನೆ. ಮೇಜಿನ ಮೇಲೆ ಮೊದಲು ಥರ್ಮಾಮೀಟರ್, ಆಮೇಲೆ ನೋವಿಲ್ಲದ ಕಾಲು, ಕೊನೆಗೆ ಕುಂಟುವ ಕಾಲು: ಉಗುರು, ಅಂಗಾಲಿನ ಮೆತ್ತೆ, ಬೆರಳ ಸಂದುಗಳಿಂದ ಹಿಡಿದು ಭುಜದವರೆಗೆ, ಕೂದಲನ್ನು ಬಿಡಿಸಿ ಬಿಡಿಸಿ. ಮಂಡಿನೋವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡ ಮುದಿ ಬೆಕ್ಕೊಂದರ ಉಗುರು ಸುರುಳಿಯಾಗಿ ಬೆಳೆದು ಅಂಗಾಲಿಗೇ ಚುಚ್ಚಿಕೊಂಡಿದ್ದುದನ್ನು ಹೀಗೆಯೇ ಕಂಡುಕೊಂಡೆ.

ಎಕ್ಸ್‌ರೇ ಬೇಡವೆಂದಲ್ಲ. ಬರೀ ಕೋಳಿಮಾಂಸ ತಿಂದು ಬೆಳೆದ ಮರಿ ಕುಂಟುತ್ತಾ ಬಂದರೆ ಮೊದಲು ಅದನ್ನೇ ತೆಗೆಯುತ್ತೇನೆ, ಏಕೆಂದರೆ ಸುಣ್ಣದಂಶ ಸಾಲದೆ ತೆಳುವಾದ ಮೂಳೆ ಸೋಫಾದಿಂದ ಜಿಗಿದರೂ ಮಡಚಿಕೊಳ್ಳುತ್ತದೆ.

ಕಾಯಲೇಬಾರದ ಸ್ಥಿತಿಯೂ ಒಂದಿದೆ. ಬೆಕ್ಕು ಹಠಾತ್ತನೆ ಕಿರುಚಿಕೊಂಡು, ಹಿಂಗಾಲುಗಳನ್ನು ಎಳೆಯುತ್ತಾ, ಪಾದ ಮುಟ್ಟಿದರೆ ತಣ್ಣಗಿದ್ದು, ಅಂಗಾಲು ಬಿಳಿಚಿದ್ದರೆ ಅಥವಾ ನೀಲಿಗಟ್ಟಿದ್ದರೆ ಅದು ಕಾಲಿನ ರೋಗವೇ ಅಲ್ಲ. ಸಾಮಾನ್ಯವಾಗಿ ಹೃದಯದ ಕಾಯಿಲೆಯಿಂದ ಹೆಪ್ಪುಗಟ್ಟಿದ ರಕ್ತ, ಹೃದಯದಿಂದ ಹೊರಡುವ ಮುಖ್ಯ ರಕ್ತನಾಳವಾದ ಮಹಾಪಧಮನಿ ಹಿಂಗಾಲುಗಳಿಗೆ ಕವಲೊಡೆಯುವಲ್ಲಿ ಸಿಕ್ಕಿಕೊಂಡಿರುತ್ತದೆ. ಅದಕ್ಕೆ ಬೆಳಗಾಗುವವರೆಗೆ ಕಾಯದೆ ಆ ಗಳಿಗೆಯಲ್ಲೇ ಹೊರಡಬೇಕು.

ಅಂದು ಅದೃಷ್ಟವಶಾತ್ ತಪ್ಪಿದ ಇನ್ನೊಂದು ಅಪಾಯವನ್ನೂ ಹೇಳಬೇಕು. ಎರಡನೆಯ ದಿನದ ಫೋನಿನಲ್ಲಿ ಆ ತಾಯಿ, "ಮನೆಯಲ್ಲಿ ಡೋಲೊ ಇದೆ, ರಾತ್ರಿ ನೋವಾದರೆ ಕಾಲು ಮಾತ್ರೆ ಹಾಕಲೇ?" ಎಂದು ಕೇಳಿದ್ದರು. ಕೇಳಿದ್ದೇ ಪುಣ್ಯ. ನಮ್ಮ ಯಕೃತ್ತು ಡೋಲೊದಲ್ಲಿರುವ ಪ್ಯಾರಾಸಿಟಮಾಲನ್ನು ನಿರಪಾಯಗೊಳಿಸುವ ಮುಖ್ಯ ದಾರಿ ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ದುರ್ಬಲ. ಹೀಗಾಗಿ ರಕ್ತ ಆಮ್ಲಜನಕವನ್ನು ಹೊರಲಾಗದೆ ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ, ಏದುಸಿರು ಹತ್ತುತ್ತದೆ. 4 ಕಿಲೋ ತೂಕದ ಬೆಕ್ಕಿನ ಪ್ರಾಣಕ್ಕೆ 500 ಮಿಲಿಗ್ರಾಮಿನ ಒಂದೇ ಮಾತ್ರೆ ಸಾಕು. ಕಾಲು ಮಾತ್ರೆಯೂ ಸುರಕ್ಷಿತವಲ್ಲ. ಈಗ ಕುಂಟುವ ಬೆಕ್ಕು ಬಂದಾಗಲೆಲ್ಲ, ತಂದವರು ಕೇಳಲಿ ಬಿಡಲಿ, ಚೀಟಿಯ ಮೇಲ್ಭಾಗದಲ್ಲಿ "ಮನುಷ್ಯರ ಮಾತ್ರೆ ಕೊಡಬೇಡಿ" ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ಗಾಯ ತೊಳೆದು, ಆ್ಯಂಟಿಬಯಾಟಿಕ್ ಮುಗಿಸುವಷ್ಟರಲ್ಲಿ ಮಣಿ ನಾಲ್ಕೂ ಕಾಲೂರಿ ನಡೆಯತೊಡಗಿದ. ಮೊದಲ ದಿನವೇ ಜ್ವರ ನೋಡಬೇಕಿತ್ತು, ತಪ್ಪು ನನ್ನದು ಎಂದು ಹೇಳಿ ಎಕ್ಸ್‌ರೇ ಹಣವನ್ನು ಹಿಂತಿರುಗಿಸಲು ಹೋದೆ. ಅವರು ಮುಟ್ಟಲಿಲ್ಲ. ಗಂಡು ಬೆಕ್ಕುಗಳ ಜಗಳ ತಗ್ಗಲು ಸಂತಾನಹರಣ ಮಾಡಿಸಿ ಎಂದು ನಾನು ಆಗಷ್ಟೇ ಹೇಳಿದ್ದೆ, "ಇದನ್ನು ಅದಕ್ಕೇ ಮುಂಗಡ ಹಿಡಿದುಕೊಳ್ಳಿ ಡಾಕ್ಟ್ರೇ. ಆದರೆ ಆ ದಿನ ಮಾತ್ರ ಹೊರಗೆ ಜನ ಎಷ್ಟಿದ್ದರೂ ಅವಸರ ಮಾಡಬೇಡಿ" ಎಂದರು.